ಅವ್ವ ಹಾಕಿದ ಗಂಟು

ಗುರುವಾರ, ಮಧ್ಯಾಹ್ನ

ಮುದ್ದು ತಮ್ಮನಿಗೆ,

ಅಕ್ಕನ ಆಶೀರ್ವಾದ ಆಮೇಲೆ. ಮೊದಲು ಒಂದು ಮಾತು: ನಾಳೆ ಬೆಳಿಗ್ಗೆ ಅಚ್ಚು ಶುರು ಮಾಡಿಸಬೇಡ. ಈ ಕಾಗದ ಒಯ್ಯಲು ಪ್ರೆಸ್ಸಿನ ಡ್ರೈವರ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಲಿಪಿಯೇ ಇಲ್ಲದ ನಮ್ಮ ಮಾತಿಗೆ ನೀನು ಮಾಡಿದ ಅಕ್ಷರ ನನಗಿನ್ನೂ ಕೈಗೆ ಹತ್ತಿಲ್ಲ, ಶಾಲೆಯಲ್ಲಿ ಕಲಿತ ಲಿಪಿಯಲ್ಲೇ ಗೀಚುತ್ತಿದ್ದೇನೆ.

ನೀನು ಕಳಿಸಿದ ಕರಡು ಪುಸ್ತಕವನ್ನು ಅವ್ವನ ಕೈಗೆ ಕೊಟ್ಟೆ. ಓದು ಬಾರದವಳು, ಹಿಂದಿನಿಂದ ಪುಟ ತಿರುವುತ್ತಾ ಅರಳಿದಳು. ಅವಳು ಹೆಣೆಯುವ ಬುಟ್ಟಿಯ ಅಂಚಿನ ಮೀನುಮುಳ್ಳು ನೇಯ್ಗೆ ‘ಕ’, ಮೊರದ ಮೇಲಿನ ಹಕ್ಕಿಹೆಜ್ಜೆ ‘ತ’ ಎಂದು ಓದಿ ಹೇಳಿದೆ. ಹಾಗಾದರೆ ಇಷ್ಟು ದಿನ ನಾನು ಹೆಣೆದದ್ದೆಲ್ಲ ಬರೆದದ್ದೇ ಆಯಿತಲ್ಲ, ಮೇಷ್ಟ್ರು ಸುಮ್ಮನೆ ನನ್ನನ್ನು ದಡ್ಡಿ ಅಂದರು ಎಂದು ನಕ್ಕಳು. ಆಮೇಲೆ ಮೊದಲ ಪುಟ ಬಂತು. ‘ಅ’ ನೋಡಿದವಳೇ ಪುಸ್ತಕ ಮಗುಚಿ ಹಾಕಿ ಎದ್ದು ಹೋದಳು.

ತಮ್ಮಾ, ‘ಅ’ ಎಂದು ನೀನು ಬರೆದ ಆ ಗಂಟು ಬುಟ್ಟಿಯದಲ್ಲ. ಸತ್ತವರನ್ನು ಸುತ್ತುವ ಚಾಪೆಯದು. ಒಮ್ಮೆ ಹಾಕಿದರೆ ಬಿಚ್ಚುವಂತಿಲ್ಲ, ಅದಕ್ಕೇ ಬದುಕಿದವರ ಸಾಮಾನಿಗೆ ಯಾರೂ ಹಾಕುವುದಿಲ್ಲ. ‘ಅವ್ವ’ ಎಂದು ಬರೆಯಲು ಮಗು ಮೊದಲು ಹೆಣದ ಗಂಟು ಹಾಕಬೇಕು. ಶನಿವಾರ ಪುಸ್ತಕ ಹಂಚುವಾಗ ಊರ ಹಿರಿಯರು ನೋಡಿದರೆ ಒಂದು ಅಕ್ಷರವಲ್ಲ, ಪುಸ್ತಕವನ್ನೇ ಒಲೆಗೆ ಹಾಕುತ್ತಾರೆ. ಮತ್ತೆ ಯಾರೂ ನಮ್ಮ ಮಾತಿಗೆ ಅಕ್ಷರ ಮಾಡಲು ಕೈಹಾಕುವುದಿಲ್ಲ. ಇಷ್ಟು ವರ್ಷದ ನಿನ್ನ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ಸಿಟ್ಟು ನೆತ್ತಿಗೇರಿತ್ತು. ಓದಿದವನಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಅವನನ್ನು ಬೈಯಬೇಡ ಎಂದಷ್ಟೇ ಅಂದಳು ಅವ್ವ. ಆಗ ಹೊಳೆಯಿತು. ಅಪ್ಪ ಹೋದ ದಿನ ನಿನ್ನನ್ನು ಪಕ್ಕದ ಮನೆಯಲ್ಲಿ ಮಲಗಿಸಿ ಬಂದಿದ್ದೆ. ಚಾಪೆಗೆ ಗಂಟು ಹಾಕಿದ್ದು ಅವ್ವನೇ. ನೀನು ಮಲಗಿರಲಿಲ್ಲ, ಎದ್ದು ಬಂದು ನೋಡಿದ್ದೆ, ಅಲ್ಲವೇ? ಅವ್ವನ ಕೈ ಎಂದರೆ ನಿನಗೆ ನೆನಪಾದದ್ದು ಆ ಗಂಟೇ.

ಇದನ್ನು ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ಬೈಯಲು ಕೂತವಳು ಅಳುತ್ತಿದ್ದೇನೆ. ನೀನು ಮಾತ್ರ ಮೊದಲು ಮಿಷನ್ ನಿಲ್ಲಿಸು.

ನಿನ್ನ ಜಗಳಗಂಟಿ,
ಅಕ್ಕ

ಮತ್ತೆ ಸೇರಿಸಿದ್ದು: ಡ್ರೈವರನ ಕೈಗೆ ಕೊಡುವಷ್ಟರಲ್ಲಿ ಅವ್ವ ಬಂದು ಪೆನ್ಸಿಲ್ ಕಸಿದುಕೊಂಡಳು. ಕರಡಿನ ಮೊದಲ ಪುಟದಲ್ಲಿ ‘ಅ’ ಪಕ್ಕಕ್ಕೆ ಎರಡು ಬಿದಿರು ಸೀಳು ಅಡ್ಡಡ್ಡ ಇಟ್ಟಂತೆ ಗೆರೆ ಎಳೆದಿದ್ದಾಳೆ, ಯಾವ ಬುಟ್ಟಿಯಾದರೂ ಅಲ್ಲಿಂದಲೇ ಶುರುವಂತೆ. ನಿನ್ನ ಗಂಟನ್ನು ಹೊಡೆದುಹಾಕಿಲ್ಲ. ಮಾತು ಮುಗಿದಲ್ಲಿ ಚುಕ್ಕಿಯ ಬದಲು ಅದನ್ನಿಡು, ಹಿರಿಯರ ಹತ್ತಿರ ನಾನು ಮಾತಾಡುತ್ತೇನೆ ಎಂದಳು. ಅವತ್ತು ಬಾಗಿಲ ಸಂದಿಯಲ್ಲಿ ನೀನು ನಿಂತದ್ದು ಅವಳಿಗೆ ಗೊತ್ತಿತ್ತಂತೆ. ತಿರುಗಿ ನೋಡಿದ್ದರೆ ಗಂಟು ಹಾಕಲು ಕೈ ಬರುತ್ತಿರಲಿಲ್ಲವಂತೆ.