ಅಪ್ಪನಿಗೆ ಎಳ್ಳು ಬೆಲ್ಲ ಕೊಡದ ಸಂಕ್ರಾಂತಿ

ಮಂಡ್ಯ
ಮಂಗಳವಾರ, 20-2-1940

ಪ್ರೀತಿಯ ಅಕ್ಕ ದೊಡ್ಡತಾಯಮ್ಮನಿಗೆ,

ತಂಗಿ ಚಿಕ್ಕತಾಯಿಯ ನಮಸ್ಕಾರ. ನಿನ್ನ ಕಾಗದ ಬಂತು. ಎಲ್ಲರೂ ಕ್ಷೇಮ, ಅಪ್ಪನೂ ಗಟ್ಟಿಯಾಗಿದ್ದಾನೆ ಅಂತ ಬರೆದಿದ್ದೀಯ. ನಾನು ನಂಬಲಿಲ್ಲ.

ಹೋದ ಶುಕ್ರವಾರ ನಮ್ಮೂರ ಚಿಕ್ಕಮಾದು ಬೆಲ್ಲದ ಗಾಡಿ ಹೊಡೆದುಕೊಂಡು ಇಲ್ಲಿಗೆ ಬಂದಿದ್ದ. ಜಗುಲಿ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ, ನಿಮ್ಮಪ್ಪನ ಪಾದುದ್ ಮ್ಯಾಲೆ ಬಿಸಿ ಪಾಕ ಚೆಲ್ಕೊಂಡು ತಿಂಗ್ಳಾಯ್ತಾ ಬಂತು ಕಣವ್ವ, ಇನ್ನೂ ಮಾಯ್ದಿಲ್ಲ, ಬಟ್ಟೆ ಸುತ್ಕೊಂಡು ಕುಂಟ್ತಾವ್ರೆ ಅಂದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅಕ್ಕ, ಆಲೆಮನೆಯವರಿಗೆ ಪಾಕ ಸಿಡಿಯುವುದು ಹೊಸದಲ್ಲ. ಅಪ್ಪನ ಮುಂಗೈ ತುಂಬ ಅಂಥ ಕಲೆಗಳಿವೆ. ಎಲ್ಲವೂ ಹತ್ತು ದಿನದಲ್ಲಿ ಒಣಗುತ್ತಿದ್ದವು. ಇದು ಯಾಕೆ ಒಣಗಲಿಲ್ಲ? ನೀನು ಕಾಗದದಲ್ಲಿ ಇದನ್ನು ಯಾಕೆ ಬರೆಯಲಿಲ್ಲ? ನಾನು ಗಂಡನಿಗೆ ಹೇಳಿಬಿಡುತ್ತೇನೆ ಅಂತ ಅಪ್ಪ ನಿನ್ನ ಬಾಯಿ ಕಟ್ಟಿದ್ದಾನೆ ಅಂತ ನನ್ನ ಅನುಮಾನ.

ಅಪ್ಪನನ್ನು ಈ ವಾರದಲ್ಲೇ ಇಲ್ಲಿಗೆ ಕರೆದುಕೊಂಡು ಬಾ. ಆಸ್ಪತ್ರೆಗೆ ತೋರಿಸಬೇಕು. ಆ ಮನೆ ಹೊಸ್ಲು ಇನ್ನು ತುಳಿಯಾಕಿಲ್ಲ ಅಂತ ಅಪ್ಪ ಆಣೆ ಇಟ್ಟುಕೊಂಡಿರುವುದು ನನಗೆ ಗೊತ್ತು. ಅದಕ್ಕೇ ಇಲ್ಲಿ ನಡೆದದ್ದನ್ನೆಲ್ಲ ಬರೆಯುತ್ತೇನೆ. ಮಾತಾಡು ಅಂದರೆ ನನ್ನ ನಾಲಿಗೆ ಏಳುವುದಿಲ್ಲ, ನಿನಗೆ ಗೊತ್ತಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಇದನ್ನು ಬೇರೆ ಯಾರ ಕೈಲೂ ಓದಿಸಬೇಡ. ನೀನೇ ನಿಧಾನವಾಗಿ ಕೂಡಿಸಿ ಕೂಡಿಸಿ ಅಪ್ಪನಿಗೆ ಓದಿ ಹೇಳು.

ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಸೀಸೆ ತೊಳೆಯುವ ಕೆಲಸಕ್ಕೆ ಸೇರಿ, ಈಗ ಕಬ್ಬಿನ ಹಾಲನ್ನು ಪರೀಕ್ಷೆ ಮಾಡುವ ಮಟ್ಟಕ್ಕೆ ಬಂದಿದ್ದಾರೆ. ಅಲ್ಲಿಯ ದೊಡ್ಡವರು ಒಬ್ಬರು ಅವರಿಗೆ ಒಂದು ಇಂಗ್ಲಿಷು ಪುಸ್ತಕ ಓದಲು ಕೊಟ್ಟಿದ್ದಾರೆ. ರಸಾಯನ ಶಾಸ್ತ್ರ ಹುಟ್ಟಿ ಬೆಳೆದ ಚರಿತ್ರೆಯಂತೆ. ಅದನ್ನು ಕನ್ನಡದಲ್ಲಿ ಮಾಡಿ ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಹಂಚಬೇಕೆಂದು ಇವರ ಆಸೆ. ಇವರ ಅಕ್ಷರ ಕೋಳಿ ಕೆದರಿದ ಹಾಗೆ. ನನ್ನದು ಗುಂಡಗಿದೆ ಅಂತ, ನಾಲ್ಕನೇ ಕ್ಲಾಸಿಗೆ ಬಿಟ್ಟ ನನ್ನ ಕೈಲೇ ಬರೆಸುತ್ತಾರೆ. ಅವರು ಓದಿ ಹೇಳುತ್ತಾರೆ, ನಾನು ಬರೆಯುತ್ತೇನೆ.

ಮೊದಮೊದಲು ಇದೊಂದು ಕಳ್ಳರ ಕಥೆ ಅಂತಲೇ ಅಂದುಕೊಂಡೆ. ಸೀಸವನ್ನು ಚಿನ್ನ ಮಾಡುತ್ತೇವೆ ಅಂತ ರಾಜರನ್ನು ನಂಬಿಸಿ ಉಂಡವರ ಸಂಗತಿಯೇ ಹದಿನೈದು ಹಾಳೆ ಆಯಿತು. ನಮ್ಮ ದೇಶದವರು ಪಾದರಸದ ಹಿಂದೆ ಬಿದ್ದಿದ್ದರಂತೆ. ಜರ್ಮನಿಯಲ್ಲಿ ಒಬ್ಬ ಚಿನ್ನ ತೆಗೆಯುತ್ತೇನೆ ಅಂತ, ಬರೆಯಲು ನಾಚಿಕೆ, ಹಂಡೆಗಟ್ಟಲೆ ಮೂತ್ರವನ್ನು ಕೂಡಿಟ್ಟು ಕಾಸಿದನಂತೆ. ಚಿನ್ನ ಬರಲಿಲ್ಲ, ಕತ್ತಲಲ್ಲಿ ತಾನೇ ಹೊಳೆಯುವ ಒಂದು ವಸ್ತು ಬಂತಂತೆ. ಅದು ಹೇಗೆ ಬಂತೆಂದು ಅವನು ಬಹಳ ದಿನ ಯಾರಿಗೂ ಹೇಳಲಿಲ್ಲವಂತೆ. ಇನ್ನೊಬ್ಬ ದೊರೆ ಸೂರ್ಯಗ್ರಹಣ ನೋಡಲು ಗುಂಟೂರಿಗೆ ಬಂದು, ಸೂರ್ಯನ ಬೆಳಕನ್ನು ಗಾಜಿನಿಂದ ಬಿಡಿಸಿ ನೋಡಿದಾಗ ಗೊತ್ತಿಲ್ಲದ ಒಂದು ಹಳದಿ ಗೆರೆ ಕಂಡನಂತೆ. ಭೂಮಿಯಲ್ಲಿ ಯಾರೂ ಕಂಡಿರದ ವಸ್ತು ಸೂರ್ಯನಲ್ಲಿದೆ ಅಂದರಂತೆ. ಯಾರು ಹೋಗಿ ಮುಟ್ಟಿ ಬಂದರು ಅಂತ ನಾನು ಕೇಳಿದೆ. ಇಪ್ಪತ್ತೇಳು ವರ್ಷ ಆದ ಮೇಲೆ ಅದೇ ವಸ್ತು ಭೂಮಿಯ ಒಂದು ಕಲ್ಲಿನಲ್ಲಿ ಸಿಕ್ಕಿತು ಅಂದರು. ಅಲ್ಲಿಯವರೆಗೆ ನಂಬಿದವರು ದಡ್ಡರಲ್ಲವಾ ಅಂದೆ. ಅವರು ನಕ್ಕು, ನಿನ್ನಂಥೋಳು ಒಬ್ಳು ಆಗ ಇದ್ದಿದ್ರೆ ಆ ಚಿನ್ನ ಮಾಡೋರೆಲ್ಲ ಬೀದಿಪಾಲಾಗ್ತಿದ್ರು ಕಣೆ ಅಂದರು.

ಸಂಕ್ರಾಂತಿಗೆ ಎರಡು ದಿನ ಮುಂಚೆ ಅಪ್ಪ ಬಂದ. ಹೊಸ ಬೆಲ್ಲ ಹೊತ್ತು ತಂದಿದ್ದ. ಬಂದವನೇ ಒಂದು ಚೊಂಬು ನೀರು ಕುಡಿದ, ಕೂತು ಮಾತಾಡುತ್ತ ಇನ್ನೊಂದು ಚೊಂಬು. ಬಿಸಿಲಲ್ಲಿ ಬಂದದ್ದಕ್ಕೆ ಅಂದುಕೊಂಡೆ. ಮಾರನೇ ದಿನ ಮಧ್ಯಾಹ್ನ ಇವರು ಹಿತ್ತಿಲಲ್ಲಿ, ಅಪ್ಪ ಒಂದಕ್ಕೆ ಹೋಗುವ ಮೂಲೆಯಲ್ಲಿ, ಕುಕ್ಕರುಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದರು. ಏನೆಂದು ಕೇಳಿದರೆ ಏನಿಲ್ಲ ಅಂದರು. ಸಂಜೆ ಅಪ್ಪನಿಗೆ, ಮೋರಿ ಕಟ್ಟಿಕೊಂಡಿದೆ ಮಾವ, ಈ ಕುಡಿಕೆಗೇ ಬಿಡಿ, ಆಮೇಲೆ ನಾನು ಚೆಲ್ತೀನಿ ಅಂದರು. ಮಾವನ ಮೂತ್ರ ಅಳಿಯ ಚೆಲ್ಲುವುದೇ? ನಾನು ಹೋಗಿ ಮೋರಿಗೆ ಒಂದು ಬಿಂದಿಗೆ ನೀರು ಹುಯ್ದೆ. ಸರಾಗವಾಗಿ ಹೋಯಿತು.

ಬಾಗಿಲ ಸಂದಿಯಿಂದ ನೋಡಿದೆ. ಕಾರ್ಖಾನೆಯಿಂದ ತಂದ ಎರಡು ಪುಟ್ಟ ಸೀಸೆ ಇದ್ದವು. ಒಂದರಲ್ಲಿ ಮೈಲುತುತ್ತದ ನೀಲಿ ನೀರು. ಅದನ್ನೂ ಇನ್ನೊಂದನ್ನೂ ಗಾಜಿನ ಕೊಳವೆಗೆ ಸಮ ಮಾಡಿ ಹಾಕಿ, ಅಪ್ಪನದನ್ನು ಒಂದಿಷ್ಟು ಬೆರೆಸಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹೋಗಿ ಇಟ್ಟಿಗೆ ಪುಡಿಯ ಕೆಂಪು ಆಯಿತು. ಇವರ ಮುಖ ಸಪ್ಪಗಾಯಿತು. ಹಬ್ಬದ ಬೆಳಿಗ್ಗೆ ಮತ್ತೆ ಅದೇ ಕೆಲಸ.

ಪಕ್ಕದ ಮನೆ ಸೋಮಮ್ಮನ ಹತ್ತಿರ ನಾನು ಬಾಯಿಬಿಟ್ಟೆ, ಅದೇ ತಪ್ಪು. ಗಂಡಸು ಅದುನ್ನ ಕೂಡಿಟ್ಟು ಕಾಸ್ತಾನೆ ಅಂದ್ರೆ ಮಾಟ ಅಲ್ದೆ ಪಾಯಸಾನೇನವ್ವ, ನಿಮ್ಮಪ್ಪಂಗೆ ಗಂಡುಮಕ್ಳು ಬೇರೆ ಇಲ್ಲ, ಹೊಲ ಯಾರಿಗೋಯ್ತದೆ ಯೋಚ್ನೆ ಮಾಡು ಅಂದಳು. ನಾನು ಯೋಚನೆ ಮಾಡಿದೆ. ಮೂತ್ರ ಕಾಸಿ ಗುಟ್ಟು ಇಟ್ಟುಕೊಂಡ ಜರ್ಮನಿಯವನ ಸಂಗತಿ ನನ್ನ ಕೈಯಾರೆ ಬರೆದದ್ದೇ ಇತ್ತಲ್ಲ.

ಅವತ್ತು ಹಬ್ಬದ ಅಡುಗೆಗೆ ಮುಂಚೆಯೇ ಇವರು, ಸಿಹಿ ಪೊಂಗಲು ಬೇಡ ಅಂತ ತಡೆದರು. ಅವರೆಕಾಳಿನ ಸಾರು, ಮುದ್ದೆ ಇಷ್ಟೇ. ಹಬ್ಬಕ್ಕೆ ಬಂದ ಅಪ್ಪನಿಗೆ! ಸಾಯಂಕಾಲ ನಾನು ತಟ್ಟೆಯಲ್ಲಿ ಎಳ್ಳು ಬೆಲ್ಲ ಇಟ್ಟು ಅಪ್ಪನ ಕೈಗೆ ಕೊಟ್ಟೆ. ಇವರು ಎದ್ದು ಬಂದು ಅಪ್ಪನ ಕೈಯಿಂದ ತಟ್ಟೆ ತೆಗೆದುಕೊಂಡುಬಿಟ್ಟರು. ಬೇಡಿ ಮಾವ, ಹಲ್ಲಿಗೆ ಆಗಲ್ಲ ಅಂದರು. ಅಪ್ಪ ಒಂದು ಗಳಿಗೆ ನೋಡಿದ. ನನ್ ಹಲ್ಲು ಕಬ್ಬು ಸಿಗಿಯೋ ಹಲ್ಲು ಅಳಿಯಂದ್ರೆ, ನಾನೇ ಕಾಸಿದ್ ಬೆಲ್ಲ ನನಗೇ ಇಲ್ವಾ, ನಿಮ್ಮನೇಲಿ ಒಳ್ಳೆ ಮಾತೂ ಬ್ಯಾಡ್ವಾ ಅಂದ. ಶತ್ರು ಎದುರಿಗೆ ಬಂದರೂ ಅವತ್ತು ಎಳ್ಳು ಬೆಲ್ಲ ಕೊಡುತ್ತೇವೆ ಅಕ್ಕ. ನಾನು ಒಲೆ ಮುಂದೆ ಹೋಗಿ ಕೂತೆ.

ಮಾರನೇ ದಿನ ಬೆಳಿಗ್ಗೆ ಅಪ್ಪ ಮಳವಳ್ಳಿ ಬಸ್ಸು ಹತ್ತಿದ. ಅಷ್ಟರಲ್ಲಿ ಅಪ್ಪನ ಕಿವಿಗೆ ಯಾರೋ ಹಾಕಿಯಾಗಿತ್ತು, ಅಳಿಯ ನಿನ್ನ ನೀರು ಹಿಡಿದು ಮಾಟಕ್ಕೆ ಇಟ್ಟುಕೊಂಡಿದ್ದಾನೆ ಅಂತ. ನಿನ್ನ ಹತ್ತಿರವೂ ಅಪ್ಪ ಅದನ್ನೇ ಹೇಳಿದ ಅಂತ ಚಿಕ್ಕಮಾದು ಹೇಳಿದ. ಸೋಮಮ್ಮನೇ ಹೇಳಿರಬೇಕು. ಅವಳ ಬಾಯಿಗೆ ಬೀಗ ಇಲ್ಲ.

ಅಪ್ಪ ಹೋದ ಮೇಲೆ ನಾನು ಈ ಮನೆಯಲ್ಲಿ ಹೇಗಿದ್ದೆ ಅಂತ ಹೇಳಲಾರೆ. ಅವರು ಕೊಟ್ಟ ಹಾಲನ್ನು ಮೊದಲು ಬೆಕ್ಕಿಗೆ ಹಾಕುತ್ತಿದ್ದೆ. ಬೆಕ್ಕು ಕುಡಿದು ಇನ್ನಷ್ಟು ಬೇಕೆಂದು ಕೂಗುತ್ತಿತ್ತು. ಅವರು ಸೀಸೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಬೀಗದ ಕೈ ಎಲ್ಲಿಟ್ಟರು ಅಂತ ನೋಡಿಟ್ಟುಕೊಂಡೆ. ಮಾತು ಕಮ್ಮಿಯಾಯಿತು. ಬರೆಸುವುದು ಮಾತ್ರ ನಿಲ್ಲಲಿಲ್ಲ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ.

ಹತ್ತು ದಿನದ ಕೆಳಗೆ ಹೊಸ ಅಧ್ಯಾಯ ಶುರು ಮಾಡಿದರು. ರಸಾಯನ ಶಾಸ್ತ್ರವೂ ವೈದ್ಯವೂ ಮೊದಲು ಒಂದೇ ಮನೆಯಲ್ಲಿದ್ದವು ಅಂತ. ಕೆಲವರ ಮೂತ್ರ ಸಿಹಿಯಾಗಿರುತ್ತದೆ, ಅದಕ್ಕೆ ಇರುವೆ ಮುತ್ತುತ್ತದೆ ಅಂತ ನಮ್ಮ ಹಳೆಯ ವೈದ್ಯರು ಕಂಡುಕೊಂಡಿದ್ದರು. ಅಂಥವರಿಗೆ ಬಾಯಾರಿಕೆ ಹೆಚ್ಚು, ಗಾಯ ಆದರೆ ಬೇಗ ಮಾಗದು. ಇಂಗ್ಲೆಂಡಿನ ವೈದ್ಯನೊಬ್ಬ ನಾಲಿಗೆಗೇ ಹಚ್ಚಿ ನೋಡಿದ. ನೂರಾರು ವರ್ಷ ನಾಲಿಗೆಯೇ ಪರೀಕ್ಷೆಯಾಗಿತ್ತು. ಆಮೇಲೆ ಒಬ್ಬ, ಆ ಸಿಹಿ ದ್ರಾಕ್ಷಿಯಲ್ಲಿರುವ ಸಕ್ಕರೆಯೇ ಅಂತ ತೋರಿಸಿದ. ಇನ್ನೊಬ್ಬ, ಮೈಲುತುತ್ತದ ನೀರಿಗೆ ಅಂಥ ಸಕ್ಕರೆ ಬಿದ್ದು ಕಾದರೆ ನೀಲಿ ಹೋಗಿ ಇಟ್ಟಿಗೆ ಕೆಂಪು ಬರುತ್ತದೆ ಅಂತ...

ನಾನು ಪೆನ್ನು ಕೆಳಗಿಟ್ಟೆ. ಮದುವೆಯಾದ ಮೇಲೆ ಮೊದಲ ಸಲ ಅವರ ಮುಖ ನೋಡಿ ಗಟ್ಟಿಯಾಗಿ ಮಾತಾಡಿದೆ. ಈ ಅಧ್ಯಾಯ ಪುಸ್ತಕದಲ್ಲಿ ಇದೆಯೋ, ನನ್ನ ಕಣ್ಣು ಕಟ್ಟಲು ನೀವೇ ಕಟ್ಟಿದ್ದೋ ಅಂತ ಕೇಳಿದೆ. ಅವರು ಪುಸ್ತಕದ ಆ ಹಾಳೆಯನ್ನು ತಿರುಗಿಸಿ ನನ್ನ ಮುಂದಿಟ್ಟರು. ಒಂದು ಸಲದ ಕೆಂಪನ್ನು ನಂಬಬಾರದು, ಮೂರು ಸಲ ನೋಡಿ ಹೇಳೋಣ ಅಂತ ಕಾದೆ, ಅಷ್ಟರಲ್ಲಿ ಮಾವ ಹೊರಟು ಹೋದರು ಅಂದರು. ನಿಮ್ಮಪ್ಪ ನಾಲಿಗೆಯಿಂದ ಬದುಕೋ ಮನುಷ್ಯ, ಸಿಹಿ ಮುಟ್ಟಬೇಡಿ ಅಂತ ಅಳಿಯ ಆಗಿ ಯಾವ ಬಾಯಲ್ಲಿ ಹೇಳಲಿ ಅಂದರು.

ಅದು ನಿಜ. ಕೊಪ್ಪರಿಗೆಯ ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ ನಾಲಿಗೆಯ ಮೇಲಿಟ್ಟುಕೊಂಡು, ಇಳಿಸ್ರೋ ಅಂತ ಅಪ್ಪ ಅಂದ ಮೇಲೇ ಏಳು ಹಳ್ಳಿಯ ಬೆಲ್ಲ ಅಚ್ಚಿಗೆ ಬೀಳುವುದು. ದಿನಕ್ಕೆ ಐದಾರು ಕೊಪ್ಪರಿಗೆ, ಒಂದೊಂದಕ್ಕೆ ಮೂರು ಸಲ. ನಾಲೆ ನೀರು ಬಂದು ಕಬ್ಬು ಬಂದಾಗಿನಿಂದ ಅಪ್ಪ ತಿಂದ ಬೆಲ್ಲ ಎಷ್ಟಾಯಿತು? ತಿಂದದ್ದರಿಂದಲೇ ಈ ರೋಗ ಬಂತು ಅಂತ ಅಲ್ಲ, ಬಂದ ಮೇಲೆ ತಿಂದರೆ ಬೆಂಕಿಗೆ ಸೌದೆ ಇಟ್ಟ ಹಾಗೆ ಅಂತ ಇವರು ಹೇಳುತ್ತಾರೆ.

ಆದರೂ ನಾನು ನಂಬಲಿಲ್ಲ ಅಕ್ಕ. ಮಾರನೇ ದಿನ ಅವರು ಕೆಲಸಕ್ಕೆ ಹೋದ ಮೇಲೆ ಪೆಟ್ಟಿಗೆ ತೆಗೆದೆ. ಬರೆದುಕೊಂಡಿದ್ದ ಹಾಳೆ ಎದುರಿಗಿಟ್ಟುಕೊಂಡು ಕೊಳವೆ ಕಾಸಿದೆ. ಬರಿ ನೀರಿಗೆ ನೀಲಿ ಹಾಗೇ ಇತ್ತು. ನನ್ನದಕ್ಕೂ ನೀಲಿ. ಕಾರ್ಖಾನೆಯ ಬಿಳಿ ಸಕ್ಕರೆ ಹಾಕಿದರೆ ಅದಕ್ಕೂ ನೀಲಿಯೇ! ಸಿಕ್ಕಿಬಿದ್ದರು ಅಂದುಕೊಂಡೆ. ಸಂಜೆ ಬಂದ ಕೂಡಲೇ ಕೊಳವೆ ಮುಂದೆ ಹಿಡಿದೆ. ಅವರು ಬೈಯಲಿಲ್ಲ. ಕಬ್ಬಿನ ಸಕ್ಕರೆ ಬೇರೆ, ದ್ರಾಕ್ಷಿ ಸಕ್ಕರೆ ಬೇರೆ, ಹುಳಿ ಹಿಂಡಿ ಕುದಿಸಿದರೆ ಕಬ್ಬಿನದು ಒಡೆದು ಅದೂ ಕೆಂಪು ಮಾಡುತ್ತದೆ ಅಂದರು. ಅದನ್ನೂ ಮಾಡಿ ನೋಡಿದೆ. ನಿಂಬೆಹುಳಿ ಹಾಕಿ ಕುದಿಸಿದ ಸಕ್ಕರೆ ನೀರು ಕೆಂಪಾಯಿತು. ಅವರು ಹೇಳಿದ್ದು ಒಂದೊಂದೂ ನನ್ನ ಒಲೆಯ ಮೇಲೆ ನಿಜವಾಗುತ್ತಿತ್ತು. ಉಳಿದದ್ದು ಒಂದೇ, ಅಪ್ಪನದು. ಅದನ್ನು ಮಾತ್ರ ನಾನು ನನ್ನ ಕೈಯಿಂದ ನೋಡಿಲ್ಲ.

ಅದಕ್ಕೇ ಬನ್ನಿ. ಇವರು ಮುಟ್ಟುವುದು ಬೇಡ, ಅಪ್ಪನ ಎದುರಿಗೇ ನಾನು ಕಾಸಿ ತೋರಿಸುತ್ತೇನೆ. ನೀಲಿ ಇದ್ದರೆ ಒಂದು ಬೆಲ್ಲದಚ್ಚನ್ನು ಅಪ್ಪನ ಕೈಗೆ ನಾನೇ ಕೊಟ್ಟು, ಅಪ್ಪನ ಜೊತೆ ಅದೇ ಬಸ್ಸಿಗೆ ನಾನೂ ಹೊರಟು ಬರುತ್ತೇನೆ, ಈ ಮನೆಗೆ ತಿರುಗಿ ಬರುವುದಿಲ್ಲ. ಕೆಂಪಾದರೆ ಅಪ್ಪ ಆಸ್ಪತ್ರೆಗೆ ನಡೆಯಬೇಕು. ಡಾಕ್ಟರನ್ನು ಇವರು ಆಗಲೇ ಕಂಡು ಕೇಳಿ ಬಂದಿದ್ದಾರೆ. ಇಂಥ ಗಾಯ ಬಿಟ್ಟರೆ ಮೇಲೇರುತ್ತದೆ, ಆಮೇಲೆ ಕಾಲೇ ಹೋಗಬಹುದು ಅಂದರಂತೆ.

ಪಾಕ ನೋಡುವವರು ಯಾರು ಅಂತ ಅಪ್ಪ ಕೇಳುತ್ತಾನೆ. ಅಪ್ಪನ ಪಕ್ಕದಲ್ಲಿ ಏಳೆಂಟು ವರ್ಷ ನಿಂತವಳು ನೀನು. ಹೆಣ್ಣು ಕೊಪ್ಪರಿಗೆ ಮುಂದೆ ನಿಲ್ಲಬಾರದು ಅಂತ ಯಾರಾದರೂ ಅಂದರೆ, ನಿನ್ನ ನಾಲಿಗೆ ಏನು ಹೇಳುತ್ತದೆ ಅಂತ ಅಪ್ಪನೇ ಒಂದು ಸಲ ಕೇಳಿ ನೋಡಲಿ. ಗಾಯ ತೊಳೆಯುವಾಗ ಕಾಸಿ ಆರಿಸಿದ ನೀರೇ ಹಾಕು. ಬರುವ ದಿನ ತಿಳಿಸಿದರೆ ಬಸ್ಸಿನ ಹತ್ತಿರ ನಿಂತಿರುತ್ತೇನೆ.

ನಿನ್ನ ಉತ್ತರಕ್ಕೆ ಬಾಗಿಲಲ್ಲೇ ಕಾಯುವ,
ತಂಗಿ
ಚಿಕ್ಕತಾಯಿ

ಮಡಿಸಿದ ಕಾಗದ ಬಿಚ್ಚಿ ಮತ್ತೆ ಬರೆದದ್ದು:

ಅಪ್ಪ ಹೊರಟ ದಿನ ಸೋಮಮ್ಮ ಮಂಡ್ಯದಲ್ಲೇ ಇರಲಿಲ್ಲ, ಮುತ್ತತ್ತಿಗೆ ಹರಕೆ ತೀರಿಸಲು ಹೋಗಿದ್ದಳು. ಅಪ್ಪನಿಗೆ ಹೇಳಿದವಳು ನಾನು. ಬಸ್ಸಿನ ಕಿಟಕಿ ಹಿಡಿದುಕೊಂಡು, ಅಪ್ಪ, ನಿನ್ನ ಅಳಿಯ ನಿನ್ನ ನೀರು ಹಿಡಿದು ಮಾಟ ಮಾಡಿಸ್ತಾವ್ರೆ, ಇನ್ನು ಈ ಮನೆಗೆ ಬರಬೇಡ ಅಂತ ನಾನೇ ಅಂದೆ. ಅಪ್ಪ ನನ್ನ ಹೆಸರು ನಿನಗೂ ಹೇಳಿಲ್ಲ, ಚಿಕ್ಕಮಾದುವಿಗೂ ಹೇಳಿಲ್ಲ. ಮಗಳು ಬಾಳುವ ಮನೆ ಅಂತ ಮುಚ್ಚಿಟ್ಟುಕೊಂಡಿದ್ದಾನೆ. ಇವರಿಗೂ ಗೊತ್ತಿಲ್ಲ, ಸೋಮಮ್ಮನದೇ ಕೆಲಸ ಅಂದುಕೊಂಡು ಇವತ್ತಿಗೂ ಅವಳ ಮನೆ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನಾನು ಆಡಿದ ಮಾತು ಅಂತ ತಾನೇ ಅಪ್ಪ ಆಣೆ ಇಟ್ಟುಕೊಂಡದ್ದು. ಆದ್ದರಿಂದ ಅಕ್ಕ, ಅಪ್ಪನಿಗೆ ಎಲ್ಲಕ್ಕಿಂತ ಮೊದಲು ಇದನ್ನೇ ಓದು. ಚಿಕ್ಕತಾಯಿ ತಪ್ಪು ಹೇಳಿದಳಂತೆ, ಅವಳೇ ಬರೆದಿದ್ದಾಳೆ ನೋಡು ಅಂತ ಅಕ್ಷರದ ಮೇಲೆ ಬೆರಳಿಟ್ಟು ತೋರಿಸು. ಅಪ್ಪನಿಗೆ ಓದಲು ಬರುವುದಿಲ್ಲ. ಆದರೂ ತೋರಿಸು.