ಮನೆಯಲ್ಲೇ ಬಳಿದ ಬಣ್ಣ

ಸ್ಯಾಂಟ್ರಿ, ಡಬ್ಲಿನ್
೨೨ ಸೆಪ್ಟೆಂಬರ್ ೨೦೨೪

ಚಿ. ಸೌ. ಚೈತನ್ಯಾಳಿಗೆ,

ನಿನ್ನ ಅಪ್ಪನ ಮನಃಪೂರ್ವಕ ಆಶೀರ್ವಾದಗಳು. ನಾನೂ ನಿನ್ನ ಅಮ್ಮನೂ ಆರೋಗ್ಯವಾಗಿದ್ದೇವೆ. ಮೈಸೂರಿನಲ್ಲಿ ನೀವೆಲ್ಲರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಬಂದ ವಾರದಲ್ಲೇ ಬರೆಯುವೆನೆಂದು ಮಾತು ಕೊಟ್ಟು ಇಷ್ಟು ತಡಮಾಡಿದೆ, ಮನ್ನಿಸು. ದಿನವೂ ಫೋನಿನಲ್ಲಿ ಮಾತನಾಡುವಾಗ ಕಾಗದವೇಕೆ ಎಂದು ನಿನಗೆ ಅನ್ನಿಸಬಹುದು. ಇಲ್ಲಿ ಫೋನನ್ನು ಊಟದ ಮೇಜಿನ ನಡುವೆ ಇಟ್ಟು ಎಲ್ಲರಿಗೂ ಕೇಳುವಂತೆ ಮಾತನಾಡುತ್ತಾರೆ. ಹಾಗೆ ಹೇಳಲಾಗದ ಒಂದು ಸಂಗತಿ ನಡೆದಿದೆ.

ನಿನ್ನ ಅಣ್ಣ ಶ್ರೀವತ್ಸ ಹೊಸ ಕಾರು ಕೊಂಡು ಹಳೆಯದನ್ನು ಮಾರಲು ಹೊರಟಿದ್ದ. ಒಂದು ದಿನ ಆ ಹಳೆಯ ಕಾರಿನ ಬಾನೆಟ್ ಎತ್ತಿದಾಗ ನನಗೆ ಸಂಕಟವಾಯಿತು. ಇಂಜಿನ್ನಿನ ಬಣ್ಣ ಹೊಪ್ಪಳೆಯೆದ್ದು ಉದುರುತ್ತಿತ್ತು. ಸಂದುಗೊಂದುಗಳಲ್ಲಿ ಒಣಧೂಳು ಕಪ್ಪುಗಟ್ಟಿತ್ತು. ಮಾರುವ ವಸ್ತುವನ್ನು ಹೀಗೆ ತೋರಿಸುವುದೇ ಎಂದು ಕೇಳಿದೆ. ಬಣ್ಣ ಹಾಕಿಸಬೇಕೆಂದರೆ ಗ್ಯಾರೇಜಿನವರು ಇಂಜಿನ್ನನ್ನೇ ಹೊರತೆಗೆಯುತ್ತಾರೆ, ಹಳೆಯ ಕಾರಿಗೆ ಅಷ್ಟೆಲ್ಲ ಬೇಡ ಎಂದು ಹೇಳಿ ಅವನು ಸ್ಯಾಂಡಿಫರ್ಡಿನ ಆಫೀಸಿಗೆ ಹೊರಟುಹೋದ.

ನಿನ್ನ ಅಪ್ಪನ ಸ್ವಭಾವ ನಿನಗೆ ಗೊತ್ತು. ಶಾಲೆಯ ಕರಿಹಲಗೆಗೆ ಬಣ್ಣ ಬಳಿಯುವ ಕೆಲಸವನ್ನೂ ನಾನು ಇನ್ನೊಬ್ಬರಿಗೆ ಒಪ್ಪಿಸಿದವನಲ್ಲ. ಶಾಖ ತಡೆಯುವ ಬೆಳ್ಳಿಬಣ್ಣವನ್ನು ಅಂಗಡಿಯಿಂದ ತಂದೆ. ತಂತಿಬ್ರಷ್ಷಿನಿಂದ ಉಜ್ಜಿ, ತೊಳೆದು, ಬೆಲ್ಟು ವೈರುಗಳಿಗೆಲ್ಲ ಕಾಗದ ಸುತ್ತಿ ಟೇಪು ಅಂಟಿಸಿದೆ. ಈ ದೇಶದಲ್ಲಿ ಒಣಹವೆಗೆ ಕಾಯುವುದೇ ಒಂದು ತಪಸ್ಸು. ಬಿಸಿಲು ಬಂದ ದಿನ, ಒಂದು ಪದರ ಆರಿದ ಮೇಲೆ ಇನ್ನೊಂದರಂತೆ, ತೆಳುವಾಗಿ ಬಳಿದೆ. ಒಂದು ಹನಿಯೂ ಇಳಿಯಲಿಲ್ಲ. ಮೊಮ್ಮಗಳು ತನ್ವಿ ಬಂದು ನೋಡಿ, ಇಲ್ಲಿಯವರ ಹಾಗೆ, "ತಾತ, ದಟ್ಸ್ ಗ್ರ್ಯಾಂಡ್" ಎಂದಳು. ನಿನ್ನ ಅಮ್ಮ ಮಾತ್ರ ಕಿಟಕಿಯಿಂದಲೇ, "ಅದನ್ನೇನು ಹೆಣ್ಣು ನೋಡೋಕೆ ಬರ್ತಾರಾ? ಇಷ್ಟು ಸಿಂಗಾರ ಯಾಕ್ರೀ?" ಎಂದು ಚುಚ್ಚಿದಳು.

ಕಾರು ಕೊಳ್ಳಲೆಂದು ನೋಡಲು ಬಂದವನು ಕಾರ್ತಿಕೇಯ. ಓದಲು ಬಂದು ಇಲ್ಲೇ ಕೆಲಸಕ್ಕೆ ಸೇರಿದ ಹುಡುಗ. ಅವನಿಗೆ ಮೊದಲ ಕೋಣೆ ಹುಡುಕಿಕೊಟ್ಟವನೇ ನಿನ್ನ ಅಣ್ಣ. ಹೊಸದಾಗಿ ಬರುವ ನಮ್ಮ ಕಡೆಯ ಮಕ್ಕಳು ಶ್ರೀವತ್ಸ ಹೇಳಿದನೆಂದರೆ ಮನೆ ನೋಡದೆಯೇ ಮುಂಗಡ ಕೊಟ್ಟುಬಿಡುತ್ತಾರೆ. ಈ ಊರಿನಲ್ಲಿ ಅವನು ಸಂಪಾದಿಸಿದ್ದು ಆ ನಂಬಿಕೆಯನ್ನೇ.

ಬಾನೆಟ್ ಎತ್ತಿದೊಡನೆ ಕಾರ್ತಿಕೇಯನ ಮುಖದ ನಗು ಇಳಿಯಿತು. ಇದನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳಿದ. ನಾನೇ ಮಾಡಿದ್ದೆಂದು ಹೆಮ್ಮೆಯಿಂದ ಹೇಳಿದೆ.

"ಮನೇಲಾ ಸರ್?" ಎಂದು ತಡೆದು, ಮೆಲ್ಲಗೆ ಹೇಳಿದ. "ಗ್ಯಾರೇಜಲ್ಲಾದ್ರೆ ಮೊದ್ಲು ಹೇಗಿತ್ತು ಅಂತ ಫೋಟೋ ತೆಗೆದಿಡ್ತಾರೆ. ಮಾರೋಕೆ ಮುಂಚೆ ಮನೇಲೇ ಬಳಿದಿದ್ದು ಅಂದ್ರೆ, ಆಯಿಲ್ ಲೀಕ್ ಮುಚ್ಚೋಕೆ ಅಂತಾನೇ ಎಲ್ರೂ ತಿಳ್ಕೊಳ್ಳೋದು. ಬೇಜಾರು ಮಾಡ್ಕೋಬೇಡಿ ಸರ್."

ಕಾಫಿ ಕುಡಿದು, ನಮಸ್ಕಾರ ಮಾಡಿ ಹೋದ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಕನ್ನಡದವರೆಲ್ಲ ಸೇರಿದ್ದ ಒಂದು ಊಟದಲ್ಲಿ ಯಾರೋ, "ಏನ್ರೀ ಶ್ರೀವತ್ಸ, ಕಾರಿಗೂ ಮೇಕಪ್ಪಾ?" ಎಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಮರುದಿನ, ಅವನು ಮನೆ ಹುಡುಕಿಕೊಡಬೇಕಿದ್ದ ಹುಡುಗನೊಬ್ಬ, ತಾನು ಏಜೆಂಟರ ಮೂಲಕವೇ ನೋಡಿಕೊಳ್ಳುವೆನೆಂದು ಸಂದೇಶ ಕಳುಹಿಸಿದ.

ಬಣ್ಣವನ್ನೆಲ್ಲ ಕೆರೆದು ತೆಗೆಯುತ್ತೇನೆಂದು ಶ್ರೀವತ್ಸನಿಗೆ ಹೇಳಿದೆ. "ಈಗ ಕೆರೆದ್ರೆ, ಸಿಕ್ಕಿಹಾಕ್ಕೊಂಡ್ಮೇಲೆ ಕೆರೆದ್ರು ಅಂತಾರೆ, ಬಿಡಿ ಅಪ್ಪ" ಎಂದ. ಗ್ಯಾರೇಜಿಗೆ ಒಯ್ದು ತೋರಿಸಿದೆವು. ಈಗ ಎಲ್ಲೂ ಸೋರುತ್ತಿಲ್ಲ, ಬಳಿಯುವುದಕ್ಕೆ ಮೊದಲು ಹೇಗಿತ್ತೆಂದು ತಾವು ಹೇಳಲಾಗದು ಎಂದರು. ನ್ಯಾಯವಾದ ಮಾತೇ. ಬಳಿಯುವ ಮೊದಲು ಅಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ ಎಂಬುದಕ್ಕೆ ಸಾಕ್ಷಿ ನನ್ನ ಎರಡು ಕಣ್ಣುಗಳು ಮಾತ್ರ. ಒರಟೊರಟಾಗಿ ಬಳಿದಿದ್ದರೆ ಮುದುಕನ ಹುಚ್ಚೆಂದು ಬಿಡುತ್ತಿದ್ದರೋ ಏನೋ. ಅಚ್ಚುಕಟ್ಟಾಗಿ ಮಾಡಿದ್ದೇ ನನಗೆ ಮುಳುವಾಯಿತು. ನಲವತ್ತರ ಹತ್ತಿರದ ಮಗನ ಹೆಸರಿಗೆ ನನ್ನ ಕೈಯಿಂದಲೇ ಮಸಿ ಹತ್ತಿದೆ; ಅದನ್ನು ಒರೆಸಲು ನನಗೆ ಯಾವ ದಾರಿಯೂ ತೋರುತ್ತಿಲ್ಲ.

ನೀನು ಇದಕ್ಕಾಗಿ ಅಣ್ಣನಿಗೆ ಫೋನು ಮಾಡಬೇಡ. ಅಳಿಯಂದಿರಿಗೆ ನಮ್ಮ ವಿಶ್ವಾಸ ತಿಳಿಸು. ನಿನ್ನ ಮನೆ ತುಂಬಿರಲಿ, ಆರೋಗ್ಯ ಗಟ್ಟಿಯಾಗಿರಲಿ.

ಇಂತು ನಿನ್ನ ಅಪ್ಪ,
ಕೃಷ್ಣಪ್ರಸಾದ

ಮೇಲೆ ಬರೆಯಲು ಮನಸ್ಸಾಗದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗ್ಯಾರೇಜಿನಿಂದ ಮರಳಿ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಶ್ರೀವತ್ಸ ಇಳಿಯಲಿಲ್ಲ. "ಅಪ್ಪ, ನನ್ನ ಹತ್ರ ಆದ್ರೂ ಹೇಳಿ. ಸೋರ್ತಿತ್ತಾ? ನಾನು ಯಾರಿಗೂ ಹೇಳಲ್ಲ" ಎಂದ. ಕೋಪದಿಂದ ಕೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅವನು ಆಗಲೇ ಕ್ಷಮಿಸಿದವನಂತೆ ಕೇಳಿದ. ನಾನು ಸೀಟ್ ಬೆಲ್ಟ್ ಬಿಚ್ಚಿ ಬಾಗಿಲಿನ ಹಿಡಿಗೆ ಕೈ ಹಾಕಿದೆ. ಅವನು "ಹೋಗ್ಲಿ ಬಿಡಿ" ಎಂದು ನನ್ನ ಭುಜ ತಟ್ಟಿ, ಕಾರಿನಿಂದಿಳಿದು ಒಳಗೆ ಹೋದ.