ಅಪ್ಪ ಊಟ ಬಿಟ್ಟದ್ದು

ಉಣಕಲ್, ಹುಬ್ಬಳ್ಳಿ
೧೪ ಆಗಸ್ಟ್ ೧೯೯೭, ಗುರುವಾರ

ಮಗನೇ ಶಿವಯೋಗೀಶಾ, ನಿನಗೂ ಸೊಸೆ ವಾಣಿಶ್ರೀಗೂ ನಿಮ್ಮ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಎದೆ ಉರಿ ಹೇಗಿದೆ? ಬೆಳಗಾವಿ ಹೋಟೆಲಿನ ಮಿರ್ಚಿ ಭಜಿ ಬಿಟ್ಟೆಯೋ ಇಲ್ಲವೋ? ವಾಣಿಶ್ರೀಯ ಸೊಂಟಕ್ಕೆ ಎಣ್ಣೆ ಕಳಿಸಿದ್ದೆ, ಹಚ್ಚಿಕೊಳ್ಳುತ್ತಾಳೋ ಅಥವಾ ಬಾಟಲಿ ಕಪಾಟಿನಲ್ಲಿ ನಿಂತಿದೆಯೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ನೀನು ‘ಆತು ಬಿಡವಾ, ಡಾಕ್ಟರು ಹೇಳಿದಂಗ ಮಾಡೂಣು’ ಅಂದು ಇಟ್ಟುಬಿಡುತ್ತೀ. ನಿನ್ನೆಯೂ ಹಾಗೇ ಮಾಡಿದೆ. ‘ಶುಕ್ರವಾರ ಮುಂಜಾನೆ ದವಾಖಾನಿ ಗಾಡಿ ಬರ್ತೈತಿ, ಅಪ್ಪಾರ ಅರಿವಿ ಕಟ್ಟಿಡು’ ಅಂದೆ, ಮುಗಿಯಿತು. ಕಾಗದದ ಬಾಯಿ ಮುಚ್ಚಿಸಲು ನಿನಗೆ ಆಗುವುದಿಲ್ಲ. ಮುಲ್ಕಿ ಪರೀಕ್ಷೆ ಪಾಸಾದವಳು ನಾನು, ಅಕ್ಷರ ದುಂಡಗಿವೆ, ಕಡೆಯ ತನಕ ಓದು.

ಮಂಗಳವಾರ ನೀನು ಬಂದಾಗ ನಿಮ್ಮ ಅಪ್ಪ ಊಟ ಬಿಟ್ಟು ಮೂರನೆಯ ದಿನ. ಅನ್ನ ಕಲಸಿ ಬಾಯಿಗಿಟ್ಟರೆ ಹಲ್ಲು ಬಿಗಿಹಿಡಿಯುತ್ತಿದ್ದರು, ನೀರನ್ನೂ ಉಗುಳುತ್ತಿದ್ದರು. ಡಾಕ್ಟರು ಮನೆಗೇ ಬಂದು ಸಲೈನ್ ಹಚ್ಚಿದ್ದರಿಂದ ಜೀವ ಹಿಡಿದಿತ್ತು. ಈ ಮರೆವಿನ ರೋಗದಲ್ಲಿ ಕಡೆಗೆ ಉಣ್ಣುವುದನ್ನೂ ಮರೆಯುತ್ತಾರೆ, ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದು ಅವರೇ ಹೇಳಿದರು. ನೀನು ಅಪ್ಪನ ಮುಂದೆ ಕೂತು ‘ನಾ ಯಾರು ಹೇಳ್ರಿ’ ಅಂದೆ. ಅವರು ಕೈ ಮುಗಿದು ‘ಯಾರ್ರೀ ತಾವು? ಯಾವೂರಿಂದ ಬಂದ್ರಿ?’ ಅಂದರು. ನಿನ್ನ ಮುಖ ಕಪ್ಪಿಟ್ಟಿದ್ದನ್ನು ನಾನು ನೋಡಿದೆ. ಆದರೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನೀನು ಆಡಿದ ಮಾತು ಇದೆಯಲ್ಲ, ಅದು ಇನ್ನೂ ನನ್ನನ್ನು ಚುಚ್ಚುತ್ತಿದೆ. ‘ಹೆಂಡ್ತಿ ಗೊತ್ತಿಲ್ಲ, ಮಗಾ ಗೊತ್ತಿಲ್ಲ, ಈಗ ಹಸಿವಿನೂ ಗೊತ್ತಿಲ್ಲ. ದನಕ್ಕಾದ್ರೂ ಹಸಿವು ತಿಳೀತೈತಿ. ಮನುಷ್ಯಾ ಅನ್ನೂವಂಥಾದ್ದು ಅವರೊಳಗ ಇನ್ನ ಏನು ಉಳದೈತವ್ವಾ?’

ನಿನ್ನೆ ಬೆಳಿಗ್ಗೆ ಅವರಿಗೆ ಬಿಸಿನೀರು ಹಾಕೋಣವೆಂದು ಬನಿಯನ್ನು ತೆಗೆದೆ. ಎದೆಯ ಮೇಲೆ ಲಿಂಗ ಇರಲಿಲ್ಲ. ಅದನ್ನಿಡುವ ಬೆಳ್ಳಿಯ ಕರಡಿಗೆಯೂ ಇಲ್ಲ, ಕೊರಳ ಶಿವದಾರವೂ ಇಲ್ಲ. ಎಷ್ಟೇ ಮರೆವಾದರೂ ಅದಕ್ಕೆ ಇನ್ನೊಬ್ಬರ ಕೈ ಸೋಕಲು ಬಿಟ್ಟವರಲ್ಲ ಅವರು. ಹಾಸಿಗೆ ಕೊಡವಿದೆ, ಬಚ್ಚಲ ಮೋರಿಗೆ ಕೈ ಹಾಕಿದೆ, ಜೋಳದ ಡಬ್ಬಿ ಬೋರಲು ಹಾಕಿದೆ. ಅಷ್ಟರಲ್ಲಿ ನಿನ್ನ ಸೋದರಮಾವ ನೀಲಪ್ಪ ಬಂದ. ನನ್ನ ತಮ್ಮನ ಬುದ್ಧಿ ನಿನಗೆ ಗೊತ್ತೇ ಇದೆ, ಕಾಲಿಗಿಂತ ಬಾಯಿ ಮುಂದೆ. ‘ದಿನಾ ಆ ಕೌದಿ ಹೊಲಿಯೂ ರಸೂಲಬಿ ಕಟ್ಟಿ ಮ್ಯಾಲ ಹೋಗಿ ಕುಂದರತಾರ. ಬೆಳ್ಳಿ ಎಲ್ಲಿ ಹೋತು ಅಂತ ಬ್ಯಾರೆ ಹೇಳಬೇಕೇನು?’ ಎಂದವನೇ ಓಣಿಯ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಹೊರಟೇಬಿಟ್ಟ.

ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಈ ಊರಿನಲ್ಲಿ ಒಂದು ಸಣ್ಣ ಮಾತಿಗೆ ಅಂಗಡಿಗಳ ಬಾಗಿಲು ದಡದಡ ಬಿದ್ದದ್ದನ್ನು ನೀನೂ ಕಂಡಿದ್ದೀ, ಕರ್ಫ್ಯೂನಲ್ಲಿ ಹಾಲಿಲ್ಲದೆ ಕೂತದ್ದೂ ನೆನಪಿರಬೇಕು. ಅದರಲ್ಲೂ ಲಿಂಗ, ಅದೂ ರಸೂಲಬಿಯ ಮನೆ! ಇಲ್ಲಿ ಸಿಗದಿರಲಿ ದೇವರೇ ಎಂದು ಬೇಡಿಕೊಂಡೆ. ಸಿಗದಿದ್ದರೆ ಇವರ ಗತಿ ಏನು ಎಂದೂ ಅಳು ಬಂತು. ನಾನು ಹೋಗುವಷ್ಟರಲ್ಲಿ ನೀಲಪ್ಪ ಬಾಗಿಲು ಬಡಿಯುತ್ತಿದ್ದ, ಎದುರು ಮನೆಯ ಕಿಟಕಿಗಳು ತೆರೆದಿದ್ದವು, ಓಣಿಯ ತುದಿಯಿಂದ ಇನ್ನೂ ಮೂವರು ಬರುತ್ತಿದ್ದರು. ರಸೂಲಬಿ ಬಾಗಿಲು ತೆರೆದಳು. ಯಾರಿಗೂ ಏನೂ ಹೇಳದೆ ನನ್ನ ಕೈ ಹಿಡಿದು ಒಳಗೆಳೆದುಕೊಂಡು ಅಗಳಿ ಹಾಕಿದಳು.

ಒಳಗೆ ಲೋಬಾನದ ಹೊಗೆ. ಅವಳ ಮಗಳು ನಜ್ಮಾ ಹೆರಿಗೆಗೆ ತವರಿಗೆ ಬಂದವಳು, ಹಸಿ ಬಾಣಂತಿ, ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಮಗ್ಗುಲಲ್ಲಿ ಕೂಸು, ಹೆಣ್ಣು. ಆ ಕೂಸಿನ ಕೊರಳಲ್ಲಿ ನಿಮ್ಮ ಅಪ್ಪನ ಲಿಂಗ.

‘ಶನಿವಾರ ಕೂಸಿಗೆ ಮೈ ಕಾದಿತ್ರಿ ಅಕ್ಕಾರ, ಒಂದೇ ಸವನೆ ಅಳತಿತ್ತು’ ಎಂದಳು ರಸೂಲಬಿ. ‘ಅಜ್ಜಾರು ಕೇಳಿ ಒಳಗ ಬಂದ್ರು. ನಮ್ಮ ಶಿವಾಗ ಜ್ವರಾ ಬಂದೈತಿ, ಅಯ್ಯಾರು ಬರೂತನಾ ಇದು ಇರ್ಲಿ ಅಂತ ತಾವ ಕಟ್ಟಿದ್ರು. ಬಿಚ್ಚಾಕ ಹ್ವಾದ್ರ ಕೈ ಹಿಡಕೊಂಡು ಅತ್ತರ್ರೀ. ನಿಮ್ಮ ದೇವರು, ನಾವು ಹೆಂಗ ಮುಟ್ಟೂದು ಅಂತ ಹಂಗ ಬಿಟ್ಟೆ. ಹೇಳಾಕ ನಿಮ್ಮ ಮನೀಗೆ ಬಂದಿದ್ದೆ. ಡಾಕ್ಟರು ಅದಾರ, ಈಗ ಬರಬ್ಯಾಡ ಅಂತ ನಿಮ್ಮ ತಮ್ಮಾರು ಬಾಗಲದಾಗಿಂದನ ಕಳಿಸಿದ್ರು.’

ನಾನು ಕೂಸಿನ ಮಗ್ಗುಲಲ್ಲಿ ಕೂತೆ. ಶಿವಾ, ಈಗ ಹೇಳುವುದನ್ನು ನಿಮ್ಮ ಅಪ್ಪ ಇಷ್ಟು ವರ್ಷ ನನಗೆ ಹೇಳಗೊಟ್ಟಿರಲಿಲ್ಲ. ಉಪ್ಪಿನಬೆಟಗೇರಿಯ ನನ್ನ ತವರಿನಲ್ಲಿ ನೀನು ಹುಟ್ಟಿದಾಗ ಹಳ್ಳ ಬಂದು ದಾರಿ ಕಟ್ಟಿತ್ತು. ನಿನಗೆ ಲಿಂಗ ಕಟ್ಟಬೇಕಾದ ಅಯ್ಯನವರು ಆಚೆ ದಡದಲ್ಲೇ ಉಳಿದರು. ನಿನಗೆ ಮೈ ಸುಡುವ ಜ್ವರ, ಮೊಲೆಯನ್ನೇ ಹಿಡಿಯಲೊಲ್ಲೆ. ಲಿಂಗವಿಲ್ಲದೆ ಕೂಸು ಹೋಗಿಬಿಟ್ಟರೆ ಏನು ಗತಿ ಎಂದು ನಿಮ್ಮ ಅಪ್ಪ ತಮ್ಮ ಲಿಂಗವನ್ನೇ ಬಿಚ್ಚಿ ನಿನ್ನ ಕೊರಳಿಗೆ ಕಟ್ಟಿದರು. ಪ್ರಾಣ ಹೋದರೂ ಅದನ್ನು ಮೈಯಿಂದ ಅಗಲಿಸಬಾರದು, ಮಠದಲ್ಲಿ ತಿಳಿದಿದ್ದರೆ ಛೀಮಾರಿ ಹಾಕುತ್ತಿದ್ದರು. ಲಿಂಗವಿಲ್ಲದ ಮೈ ಅನ್ನ ನೀರು ಮುಟ್ಟಬಾರದೆಂಬುದು ಇನ್ನೊಂದು ನೇಮ. ಅದನ್ನು ಮಾತ್ರ ಬಿಡಲಿಲ್ಲ. ಹಳ್ಳ ಇಳಿದು ಅಯ್ಯನವರು ಬರುವ ತನಕ ಪಡಸಾಲೆಯ ಕಂಬಕ್ಕೆ ಒರಗಿ ಉಪವಾಸ ಕೂತರು. ಆಮೇಲೂ ನಾನು ಗಂಜಿ ಕುಡಿದ ಸುದ್ದಿ ತಿಳಿದ ಮೇಲೇ ತಾಟಿಗೆ ಕೈ ಹಾಕಿದರು.

ನಾನು ಎದ್ದು ಬಾಗಿಲು ತೆರೆದೆ. ‘ಯಾರೂ ಕದ್ದಿಲ್ಲ, ನಮ್ಮನಿಯವರು ತಾವ ಕಟ್ಟ್ಯಾರ. ಎಲ್ಲಾರೂ ಮನೀಗೆ ನಡೀರಿ’ ಎಂದು ಕೂಗಿದೆ. ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ನೀಲಪ್ಪನ ಬಾಯಿ ಮೊದಲ ಸಲ ಕಟ್ಟಿತು. ಆದರೆ ನಿಜವಾದ ಕಷ್ಟ ಮುಂದಿತ್ತು. ಕೂಸಿನ ಕೊರಳಿನಿಂದ ಲಿಂಗ ತೆಗೆದರೆ ನಿಮ್ಮ ಅಪ್ಪ ಅಳುತ್ತಾರೆ, ತೆಗೆಯದಿದ್ದರೆ ಉಣ್ಣುವುದಿಲ್ಲ. ಅವರು ದಾರಿ ಕಾಯುತ್ತಿದ್ದ, ಹಳ್ಳದ ಆಚೆಯ ಆ ಅಯ್ಯನವರು ಶಿವನ ಪಾದ ಸೇರಿ ಎಷ್ಟೋ ವರ್ಷವಾಯಿತು.

ದಾರಿ ಹುಡುಕಿದವಳು ರಸೂಲಬಿ. ದರ್ಗಾದಿಂದ ಕೂಸಿಗೆಂದು ತಂದಿಟ್ಟ ತಾಯಿತವೊಂದಿತ್ತು, ಅದನ್ನೂ ಕಟ್ಟಿ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ‘ಅಜ್ಜಾರ, ನಮ್ಮ ಕೂಸಿಗೂ ಕಟ್ಟೂದು ಬಂತು ನೋಡ್ರಿ. ಇನ್ನ ನಿಮ್ಮದು ನೀವು ಹಾಕ್ಕೋರಿ’ ಅಂದಳು. ನಿಮ್ಮ ಅಪ್ಪ ತಾಯಿತವನ್ನು ಬೆರಳಲ್ಲಿ ಹಿಡಿದು ತಿರುವಿ ನೋಡಿದರು. ಬಾಗಿಲಲ್ಲಿ ನೀಲಪ್ಪ, ಒಲೆಯ ಬಳಿ ನಾನು ನೋಡುತ್ತ ನಿಂತಿದ್ದೆವು. ಆಮೇಲೆ ಕೂಸಿನ ಹಣೆ ಮುಟ್ಟಿ ‘ಮೈ ತಣ್ಣಗಾತು’ ಎಂದರು. ತಾವೇ ಶಿವದಾರ ಬಿಚ್ಚಿದರು. ಪೂಜೆಯ ಮಂತ್ರ ಒಂದೂ ನೆನಪಿರಲಿಲ್ಲ, ಕೈಗಳು ಮಾತ್ರ ತಮ್ಮ ಪಾಡಿಗೆ ವಿಭೂತಿ ಹಚ್ಚಿದವು. ನಾನು ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಮುಂದಿಟ್ಟೆ. ತುತ್ತು ಎತ್ತಿದವರು ಬಾಯಿಯ ಹತ್ತಿರ ನಿಲ್ಲಿಸಿಬಿಟ್ಟರು. ರಸೂಲಬಿಯ ಕಡೆ ತಿರುಗಿ ಕೇಳಿದರು: ‘ಕೂಸಿನ ತಾಯಿ ಉಂಡ್ಲೇನು?’

‘ಉಂಡ್ಲರೀ ಅಜ್ಜಾರ’ ಅಂದಳು ಅವಳು, ಕಣ್ಣೊರೆಸಿಕೊಂಡು. ಆಮೇಲೆ ಉಂಡರು, ಬಟ್ಟಲು ಬಳಿದು ಉಂಡರು.

ನೀನು ಕೇಳಿದೆಯಲ್ಲ, ಏನು ಉಳಿದಿದೆ ಎಂದು. ಅವರಿಗೆ ಹಸಿವು ಚೆನ್ನಾಗಿಯೇ ಗೊತ್ತಿತ್ತು, ಮಗನೇ, ಗೊತ್ತಿದ್ದೇ ಹಲ್ಲು ಕಚ್ಚಿ ತಡೆದರು. ದನಕ್ಕೂ ಹಸಿವು ತಿಳಿಯುತ್ತದೆ, ಖರೆ. ಆದರೆ ಕೂಸಿನ ಜ್ವರಕ್ಕೆ ಹುಲ್ಲು ಬಿಟ್ಟು ಕೂತ ದನವನ್ನು ನಾನು ನೋಡಿಲ್ಲ. ಸಿಟ್ಟಿನಿಂದ ಬರೆದೆ ಅಂದುಕೊಳ್ಳಬೇಡ. ಸಿಟ್ಟು ಇದೆ, ನಿನ್ನ ಮೇಲಿನ ಜೀವವೂ ಅಷ್ಟೇ ಇದೆ. ಮಿರ್ಚಿ ತಿನ್ನಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನೀವಿಬ್ಬರೂ ತಣ್ಣಗಿರಿ.

ನಿನ್ನ ಅವ್ವ,
ಬಾಳವ್ವ

ತಾ.ಕ.: ನೀಲಪ್ಪ ಮಾವ ಈ ಕಾಗದ ತರಲು ಬಸ್ಸಿಗೆ ಹೊರಟು ನಿಂತಿದ್ದಾನೆ, ತಪ್ಪಿಗೆ ಅಷ್ಟಾದರೂ ಓಡಾಡಲಿ. ಆ ಗಾಡಿ ಬೇಡವೆಂದು ಈಗಲೇ ಹೇಳಿಬಿಡು, ಬಂದರೆ ನಾನು ಹೊಸ್ತಿಲಿಗೆ ಅಡ್ಡ ಕೂರುತ್ತೇನೆ. ನಾಳೆ ನೀನೊಬ್ಬನೇ ಬಾ. ಬಂದು ‘ನಾ ನಿಮ್ಮ ಮಗಾ’ ಅನ್ನಬೇಡ, ಗಾಬರಿಯಾಗುತ್ತಾರೆ. ಅವರ ಮಗ ಈಗ ತೊಟ್ಟಿಲಲ್ಲಿದ್ದಾನೆ. ‘ಕೂಸು ನೋಡಾಕ ಬಂದೇನ್ರಿ’ ಅನ್ನು, ಸಾಕು. ಅವರೇ ನಿನ್ನ ಕೈ ಹಿಡಿದು ರಸೂಲಬಿಯ ಮನೆಗೆ ಕರೆದುಕೊಂಡು ಹೋಗಿ ನಿನ್ನನ್ನು ನಿನಗೆ ತೋರಿಸುತ್ತಾರೆ. ಕೈಕಾಲು ತೊಳೆದುಕೊಂಡು ಒಳಗೆ ಹೋಗು, ಹಸಿ ಬಾಣಂತಿಯ ಮನೆ.